ರವಿವಾರದ ಚಿಕನ್ ಬಿರಿಯಾನಿ: ಜೋಳದ ನಾಡಿಗೆ ಅದು ಬಂದ ದಾರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಹಳ್ಳಿಗಳಲ್ಲಿ ಈಗ ಬಿರಿಯಾನಿ ಮದುವೆ ಮನೆಯ ಊಟವಷ್ಟೇ ಅಲ್ಲ. ಮಾಂಸ ತಿನ್ನುವ ಮನೆಗಳಲ್ಲಿ ರವಿವಾರದ ಅಡುಗೆಯೂ ಆಗಿದೆ. ನಮ್ಮದು ಜೋಳದ ನಾಡು. ಇಲ್ಲಿಗೆ ಇದು ಹೇಗೆ ಬಂತು?

ಮಾಂಸದಡುಗೆ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಾಂಸದ ಅಡುಗೆಗಳ ವಿವರವಿದೆ. ಆದರೆ ಆಗ ಮೆಣಸಿನಕಾಯಿ ಇರಲಿಲ್ಲ, ಖಾರಕ್ಕೆ ಕರಿಮೆಣಸೇ ಗತಿ. ಮೆಣಸಿನಕಾಯಿ ಅಮೆರಿಕ ಖಂಡದ್ದು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ಕಾಲದಲ್ಲಿ ನಮ್ಮ ಕಡೆ ಬಂತು. ‘ಬಿರಿಯಾನಿ’ ಪಾರ್ಸಿ ಮೂಲದ ಮಾತು. ವಿಜಯಪುರದ ಆದಿಲ್‌ಶಾಹಿ ಆಳ್ವಿಕೆ 1686ರವರೆಗೆ ಇತ್ತು. ಆಗ ಪಾರ್ಸಿ ಮಾತುಗಳೂ ದಖನಿ ಅಡುಗೆಯೂ ಈ ಸೀಮೆಯಲ್ಲಿ ಬೆರೆತವು. ಆದ್ದರಿಂದ ‘ಇದು ಅವರದು, ಇದು ನಮ್ಮದು’ ಎಂದು ಜಗಳಾಡುವವರು ತಮ್ಮ ಮನೆಯ ಖಾರದ ಡಬ್ಬಿಯನ್ನೊಮ್ಮೆ ನೋಡಿಕೊಳ್ಳಬೇಕು.

ಅರಮನೆಯ ಅಡುಗೆ ಬಡವರ ಒಲೆಗೆ ಬಂದದ್ದು ಮಾತ್ರ ತೀರಾ ಈಚೆಗೆ. ಬಯಲುಸೀಮೆಯ ಒಕ್ಕಲು ಮನೆಗಳಲ್ಲಿ ದಿನದ ಊಟ ರೊಟ್ಟಿ, ನುಚ್ಚು. ಅಕ್ಕಿಯ ಅನ್ನ ಹಬ್ಬಕ್ಕೆ, ಬೀಗರಿಗೆ, ಬಾಣಂತಿಗೆ. ಕೋಳಿ ಕೊಯ್ದರೂ ಸಾರು, ರೊಟ್ಟಿ. ಪಡಿತರದ ಅಕ್ಕಿ ಇದನ್ನು ಬದಲಿಸಿತು. 2013ರಲ್ಲಿ ಅನ್ನಭಾಗ್ಯ ಶುರುವಾಗಿ ಬಡ ಕುಟುಂಬಗಳಿಗೆ ಕಿಲೋಗೆ 1 ರೂಪಾಯಿಯಂತೆ ಅಕ್ಕಿ ಸಿಕ್ಕಿತು. ಅನ್ನ ದಿನದ ಊಟವಾಯಿತು.

ಕೋಳಿಯ ಕಥೆ ಬೇರೆ. 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಶುರುವಾಯಿತು. ಅಂಥ ಕಂಪನಿಗಳಿಂದ ಬ್ರಾಯ್ಲರ್ ಸಾಕಣೆ ಹಬ್ಬಿತು. ಜವಾರಿ ಕೋಳಿ ಬೆಳೆಯಲು ಐದಾರು ತಿಂಗಳು ಬೇಕು. ಬ್ರಾಯ್ಲರ್ ಆರು ವಾರದಲ್ಲಿ ಸುಮಾರು 2 ಕಿಲೋ ತೂಗುತ್ತದೆ. ಕೋಳಿ ಅಗ್ಗವಾಯಿತು, ಬಡವರ ತಾಟಿಗೂ ಬಂತು. ಇದು ಒಳ್ಳೆಯದೇ.

ಆದರೆ ಒಂದು ಲೆಕ್ಕ ಯಾರೂ ಬರೆದಿಡಲಿಲ್ಲ. ಹಿತ್ತಲಲ್ಲಿ ಸಾಕಿದ ಜವಾರಿ ಕೋಳಿಯ, ಮೊಟ್ಟೆಯ ರೊಕ್ಕ ಮನೆಯ ಹೆಣ್ಣುಮಗಳ ಸೆರಗಿನ ಗಂಟು. ಮಗಳ ಬಳೆಗೆ, ಮಗನ ಪಾಟಿಗೆ, ತವರಿಗೆ ಹೋಗುವ ಬಸ್ ಚಾರ್ಜಿಗೆ ಗಂಡನ ಮುಂದೆ ಕೈಚಾಚದೆ ಆಗುತ್ತಿದ್ದ ರೊಕ್ಕ ಅದು. ಇಂದು ಮನೆಮಂದಿ ಚಿಕನ್ ಅಂಗಡಿಗೆ ರೊಕ್ಕ ಕೊಟ್ಟು ಬರುತ್ತಾರೆ. ಬಿರಿಯಾನಿ ಮಾಡುವವಳು ಅವಳೇ, ಗಂಟು ಮಾತ್ರ ಬರಿದು.

ಮಾಡುವ ಬಗೆಯಲ್ಲೂ ಈ ಫರಕು ಕಾಣುತ್ತದೆ. ಬ್ರಾಯ್ಲರ್ ಆದರೆ ಮೊಸರು, ಖಾರ, ಹುರಿದ ಉಳ್ಳಾಗಡ್ಡಿ, ಪುದೀನಾ ಹಚ್ಚಿ ನೆನೆಸಿ, ಅರ್ಧ ಬೇಯಿಸಿ, ಮೇಲೆ ಮುಕ್ಕಾಲು ಬೆಂದ ಅಕ್ಕಿ ಹರಡಿ, ಮುಚ್ಚಳಕ್ಕೆ ಕಣಕ ಮೆತ್ತಿ, ಸಣ್ಣ ಉರಿಯಲ್ಲಿ 20 ನಿಮಿಷ ಇಟ್ಟರೆ ಸಾಕು. ಜವಾರಿ ಕೋಳಿಗೆ ಇಷ್ಟು ಸಾಲದು. ಅದನ್ನು ಮೊದಲು ಬೇರೆಯೇ ಮೆತ್ತಗಾಗುವವರೆಗೆ ಕುದಿಸಬೇಕು. ಆ ಕುದಿಸಿದ ನೀರಿನಲ್ಲೇ ಅಕ್ಕಿ ಬೇಯಿಸಿದರೆ ರುಚಿ ಹೆಚ್ಚು.

ಈ ರವಿವಾರ ಬಿರಿಯಾನಿ ದಮ್ಮಿಗೆ ಇಟ್ಟಾಗ ಮನೆಯ ಹಿರಿಯ ಹೆಂಗಸರನ್ನು ಕೇಳಿ: ‘ಅವ್ವಾ, ನಿನ್ನ ಕೋಳಿ ರೊಕ್ಕದಿಂದ ಏನೇನು ಮಾಡಿದ್ದಿ?’ ಅವರು ಹೇಳಿದ್ದನ್ನು ಬರೆದಿಡಿ. ನಮ್ಮ ತಾಲ್ಲೂಕುಗಳ ಚರಿತ್ರೆಯಲ್ಲಿ ಕೋಟೆ, ಕಾಳಗಗಳ ಜೊತೆ ಅದಕ್ಕೂ ಜಾಗ ಇರಬೇಕು.