ಕೋಲಾರದ ಚಿನ್ನದ ಗಣಿಯೂ ನ್ಯೂಟ್ರಿನೋ ಶೋಧನೆಯೂ

ಪ್ರತಿವರ್ಷವೂ ಅಕ್ಟೋಬರ್ ತಿಂಗಳು ಬಂದೊಡನೆ ಸ್ವೀಡನ್ ದೇಶದಿಂದ ಹೊರಡುವ ನೊಬೆಲ್ ಪಾರಿತೋಷಕದ ವಾರ್ತೆಯನ್ನು ಲೋಕವೆಲ್ಲವೂ ಕುತೂಹಲದಿಂದ ಎದುರುನೋಡುವುದುಂಟು. ಪಾರಿತೋಷಕವನ್ನು ಪಡೆದವರ ಹೆಸರುಗಳು ಕೆಲವು ದಿವಸ ಎಲ್ಲರ ಬಾಯಲ್ಲಿಯೂ ಇರುತ್ತವೆ. ಅನಂತರ ಪಾಠಪುಸ್ತಕಗಳಲ್ಲಿ ನೆಲೆಗೊಳ್ಳುತ್ತವೆ. ಆದರೆ ಆ ಹೆಸರುಗಳ ಹಿಂದೆ ಒಂದು ಸ್ಥಳವಿರುತ್ತದೆ, ಒಂದು ಸಂಸ್ಥೆಯಿರುತ್ತದೆ, ಅಲ್ಲಿ ಅನೇಕ ವರ್ಷಕಾಲ ಎಡೆಬಿಡದೆ ದುಡಿದ ಜನರಿರುತ್ತಾರೆ ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ವಿಜ್ಞಾನಕ್ಕೆ ಬುದ್ಧಿವಂತರು ಬೇಕು, ನಿಜ. ಅದರಂತೆಯೇ ಬಹುಕಾಲ ನಿಲ್ಲುವ ಮನೆಯೂ ಬೇಕು. ಈ ಮಾತಿಗೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿಯ ವೃತ್ತಾಂತವೇ ಸಾಕು.

ಕೆಲವು ಪರಮಾಣುಗಳ ಬೀಜದಿಂದ ಎಲೆಕ್ಟ್ರಾನು ಹೊರಬೀಳುವಾಗ ಲೆಕ್ಕಕ್ಕೆ ಬರಬೇಕಾದ ಶಕ್ತಿಯಲ್ಲಿ ಒಂದು ಪಾಲು ಕಾಣೆಯಾಗುತ್ತಿದ್ದಿತು. ಶಕ್ತಿಯು ನಾಶವಾಗುವುದಿಲ್ಲವೆಂಬ ನಿಯಮವೇ ಸುಳ್ಳಾಗುವುದೋ ಎಂದು ಪಂಡಿತರು ಶಂಕಿಸುತ್ತಿರುವಾಗ, 1930ನೆಯ ಇಸವಿ ಡಿಸೆಂಬರಿನಲ್ಲಿ ಪೌಲಿ ಎಂಬ ವಿಜ್ಞಾನಿಯು, ಕಣ್ಣಿಗೂ ಉಪಕರಣಕ್ಕೂ ಸಿಕ್ಕದ ವಿದ್ಯುದಂಶರಹಿತವಾದ ಕಣವೊಂದು ಆ ಪಾಲನ್ನು ಹೊತ್ತುಕೊಂಡು ಹೋಗುತ್ತಿರಬೇಕೆಂದು ಊಹಿಸಿದನು. ಇಟಲಿಯ ಫರ್ಮಿಯು ಆ ಊಹೆಯನ್ನು ಸಿದ್ಧಾಂತವಾಗಿ ಬೆಳೆಸಿ, ನ್ಯೂಟ್ರಿನೋ ಎಂಬ ಹೆಸರನ್ನು ರೂಢಿಗೆ ತಂದನು. 1956ರಲ್ಲಿ ಅಮೆರಿಕದ ರೈನ್ಸ್ ಮತ್ತು ಕೋವನ್ ಎಂಬಿಬ್ಬರು ಪರಮಾಣು ಸ್ಥಾವರವೊಂದರ ಬಳಿಯಲ್ಲಿ ಅದರ ಇರವನ್ನು ಸಿದ್ಧಪಡಿಸಿದರು. ಇದಕ್ಕೆ ಪಾರಿತೋಷಕ ಬಂದುದು 1995ರಲ್ಲಿ. ಅಷ್ಟರಲ್ಲಿ ಕೋವನ್ ತೀರಿಕೊಂಡು ಇಪ್ಪತ್ತೊಂದು ವರ್ಷಗಳಾಗಿದ್ದುವು. ಮೃತರಿಗೆ ಪಾರಿತೋಷಕವನ್ನು ಕೊಡುವ ಪದ್ಧತಿಯಿಲ್ಲವಾದುದರಿಂದ ರೈನ್ಸ್ ಒಬ್ಬರೇ ಆ ಕೆಲಸದ ಗೌರವವನ್ನು ಸ್ವೀಕರಿಸಬೇಕಾಯಿತು.

ಈ ಕಣವು ನಮ್ಮ ಸುತ್ತಲೂ ಅಪಾರವಾಗಿರುತ್ತದೆ. ಸೂರ್ಯನಿಂದ ಹೊರಟ ನ್ಯೂಟ್ರಿನೋಗಳು ಹೆಬ್ಬೆರಳಿನ ಉಗುರಿನಷ್ಟು ಸ್ಥಳದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 6,000 ಕೋಟಿ ಹಾದುಹೋಗುತ್ತವೆ. ಭೂಮಿಯನ್ನೇ ತೂರಿ ಆಚೆಗೆ ಹೊರಟುಹೋಗುತ್ತವೆ. ಎಲ್ಲಿಯೋ ಒಂದು ಮಾತ್ರ ಅಪರೂಪವಾಗಿ ವಸ್ತುವಿಗೆ ತಾಗುವುದು. ಆ ಒಂದು ತಾಗುವಿಕೆಯನ್ನು ಗುರುತಿಸುವುದಕ್ಕೆ ನಿಶ್ಶಬ್ದವಾದ ಸ್ಥಳವು ಬೇಕು. ನೆಲದ ಮೇಲಾದರೋ ವಿಶ್ವಕಿರಣಗಳಿಂದ ಹುಟ್ಟಿದ ಮ್ಯೂಯಾನುಗಳೆಂಬ ಕಣಗಳ ಮಳೆಯು ಹಗಲಿರುಳೂ ಸುರಿಯುತ್ತಿರುತ್ತದೆ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳುವುದು ಹೇಗೆ? ಆದಕಾರಣ ವಿಜ್ಞಾನಿಗಳು ಬಂಡೆಯ ಮರೆಯನ್ನು ಹುಡುಕಿಕೊಂಡು ಪಾತಾಳಕ್ಕೆ ಇಳಿದರು.

ಅಂತಹ ಪಾತಾಳವು ನಮ್ಮಲ್ಲಿ ಸಿದ್ಧವಾಗಿದ್ದಿತು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೋಲಾರದಲ್ಲಿ ಕೆಲಸಕ್ಕೆ ಕೈಯಿಟ್ಟರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂದಿತು. ಚಾಂಪಿಯನ್ ರೀಫ್ ಗಣಿಯು 10,000 ಅಡಿಗಳನ್ನು ಮೀರಿ ಇಳಿದು, ಜಗತ್ತಿನ ಅತ್ಯಂತ ಆಳವಾದ ಗಣಿಗಳಲ್ಲೊಂದೆನಿಸಿತು. ಹೋಮಿ ಭಾಭಾ ಅವರು 1939ರ ಮಹಾಯುದ್ಧದ ನಿಮಿತ್ತ ಇಂಗ್ಲೆಂಡಿಗೆ ಹಿಂದಿರುಗಲಾರದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಶ್ವಕಿರಣಗಳ ಅಧ್ಯಯನವನ್ನು ಕೈಗೊಂಡಿದ್ದರು. ಅವರು 1945ರಲ್ಲಿ ಸ್ಥಾಪಿಸಿದ ಟಾಟಾ ಮೂಲವಿಜ್ಞಾನ ಸಂಶೋಧನ ಸಂಸ್ಥೆಯು ಬೆಂಗಳೂರಿನಲ್ಲಿಯೇ ಆರಂಭವಾಗಿ ಅದೇ ವರ್ಷ ಮುಂಬಯಿಗೆ ಹೋಯಿತು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು ಆ ಸಂಸ್ಥೆಯನ್ನು ಸೇರಿ, ಭಾಭಾ ಅವರ ಪ್ರೇರಣೆಯಿಂದ 1951ರಲ್ಲಿ ಕೋಲಾರದ ಗಣಿಗೆ ಇಳಿದು, ಆಳವು ಹೆಚ್ಚಿದಂತೆ ಮ್ಯೂಯಾನುಗಳು ಎಷ್ಟೆಷ್ಟು ಕಡಮೆಯಾಗುವುವೆಂದು ಅಳೆಯತೊಡಗಿದರು. ಈ ಅಳತೆಯು ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ನಡೆಯಿತು. ಕಡೆಗೆ ಅತ್ಯಂತ ಆಳದ ತಾಣವೊಂದರಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಯಾನೂ ದೊರೆಯಲಿಲ್ಲ. ಅನ್ಯರಿಗೆ ನಿಷ್ಫಲವೆಂದು ತೋರಬಹುದಾದ ಈ ಶೂನ್ಯವೇ ವಿಜ್ಞಾನಿಗಳಿಗೆ ಶುಭವಾರ್ತೆಯಾಯಿತು. ಪಿಸುಮಾತನ್ನು ಕೇಳಲು ತಕ್ಕ ಮೌನವು ಕೋಲಾರದಲ್ಲಿದೆಯೆಂದು ಸಿದ್ಧವಾಯಿತು.

ಅಲ್ಲಿಂದ ಮುಂದೆ ಟಾಟಾ ಸಂಸ್ಥೆಯವರೂ ಜಪಾನಿನ ಒಸಾಕ, ಇಂಗ್ಲೆಂಡಿನ ಡರಮ್ ಈ ಎರಡು ವಿಶ್ವವಿದ್ಯಾನಿಲಯಗಳವರೂ ಕೂಡಿ, ಸುಮಾರು 7,500 ಅಡಿ ಆಳದಲ್ಲಿ ಉಪಕರಣಗಳನ್ನು ಗೋಡೆಗಳಂತೆ ನಿಲ್ಲಿಸಿದರು. ಅಷ್ಟು ಆಳಕ್ಕೆ ಮೇಲಿನಿಂದ ಬರುವ ಮ್ಯೂಯಾನು ನೆಟ್ಟಗೆ ಇಳಿಯಬೇಕಲ್ಲದೆ ಓರೆಯಾಗಿ ಬರಲಾರದು. ಅಡ್ಡಲಾಗಿ ಬಂದ ಕಣವು ಅಲ್ಲಿಯೇ ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೋ ತಾಗಿ ಹುಟ್ಟಿದುದೇ ಆಗಿರಬೇಕು. ಈ ಯುಕ್ತಿಯು ಫಲಿಸಿತು. ವಾಯುಮಂಡಲದಲ್ಲಿ ವಿಶ್ವಕಿರಣಗಳಿಂದ ಹುಟ್ಟಿದ ನ್ಯೂಟ್ರಿನೋಗಳ ಗುರುತು 1965ರಲ್ಲಿ ದೊರೆತು, ಅದರ ವರದಿಯು ಆಗಸ್ಟ್ 15ರಂದು ಪ್ರಕಟವಾಯಿತು. ಅದೇ ಕಾಲದಲ್ಲಿ ರೈನ್ಸ್ ಅವರ ತಂಡವು ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇದೇ ಶೋಧನೆಯನ್ನು ನಡೆಸುತ್ತಿದ್ದಿತು. ಕಂಡುದರಲ್ಲಿ ಅವರು ಕೊಂಚ ಮುಂದು. ಅಚ್ಚಾದುದರಲ್ಲಿ ಕೋಲಾರದವರು ಎರಡು ವಾರ ಮುಂದು. ಕೋಲಾರದ ವರದಿಗೆ ಸಹಿಹಾಕಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಂ. ಜಿ. ಕೆ. ಮೆನನ್ ಅವರೂ ಒಬ್ಬರು.

ವರದಿಯಲ್ಲಿ ಹೆಸರಿಲ್ಲದವರೂ ಇದ್ದರು. ಆ ಆಳದಲ್ಲಿ ಬಂಡೆಯ ಬಿಸಿಯು ಮೈಯ ಬಿಸಿಯನ್ನು ಮೀರಿರುತ್ತದೆ. ಬಂಡೆಯು ಒಮ್ಮೆಗೇ ಸಿಡಿದು ಪ್ರಾಣವನ್ನು ತೆಗೆಯುವುದೂ ಉಂಟು. ಸುರಂಗವನ್ನು ಕೊರೆದು, ಗಾಳಿಯನ್ನೂ ವಿದ್ಯುತ್ತನ್ನೂ ಇಳಿಸಿ, ಆ ಪಾತಾಳವನ್ನು ಮನುಷ್ಯನು ನಿಲ್ಲಬಲ್ಲ ಸ್ಥಳವನ್ನಾಗಿ ಮಾಡಿದವರು ಗಣಿಯ ಕೂಲಿಗಳು. ಪಾರಿತೋಷಕದ ನಿಯಮವು ಒಂದು ವಿಷಯಕ್ಕೆ ಮೂವರನ್ನು ಮೀರಿ ಹೆಸರಿಸಲೊಪ್ಪುವುದಿಲ್ಲ. ಇಂತಹ ಕೆಲಸಕ್ಕೆ ಮೂರು ಹೆಸರುಗಳ ಪಟ್ಟಿಯು ಎಷ್ಟು ಕಿರಿದೆಂಬುದನ್ನು ವಾಚಕರೇ ಊಹಿಸಬಹುದು.

1980ರಲ್ಲಿ ಅದೇ ಗಣಿಯಲ್ಲಿ 140 ಟನ್ ಕಬ್ಬಿಣದ ಉಪಕರಣವನ್ನು ಸ್ಥಾಪಿಸಿ, ಪ್ರೋಟಾನು ತಾನಾಗಿ ಅಳಿಯುವುದೇ ಎಂಬ ಪ್ರಶ್ನೆಯನ್ನು ಪರೀಕ್ಷಿಸಿದರು. ಅಳಿವಿನ ಸೂಚನೆಗಳು ಕಂಡವೆಂದು ಅವರು ಹೇಳಿದರೂ, ಅನ್ಯತ್ರ ನಡೆದ ದೊಡ್ಡ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ಇದೇ ಪ್ರಶ್ನೆಯನ್ನಿಟ್ಟುಕೊಂಡು ಜಪಾನಿನ ಕೊಶಿಬಾ ಅವರು 1983ರಲ್ಲಿ ಕಾಮಿಯೋಕ ಗಣಿಯಲ್ಲಿ 3,000 ಟನ್ ನೀರಿನ ತೊಟ್ಟಿಯನ್ನು ಕಟ್ಟಿದರು. ಅವರಿಗೂ ಪ್ರೋಟಾನಿನ ಅಳಿವು ಕಾಣಲಿಲ್ಲ. ಆದರೆ ಅವರ ಮನೆಯು ನಿಂತಿದ್ದಿತು. 1987ರ ಫೆಬ್ರವರಿಯಲ್ಲಿ ದೂರದ ನಕ್ಷತ್ರವೊಂದು ಸಿಡಿದಾಗ, ಅದರ ನ್ಯೂಟ್ರಿನೋಗಳಲ್ಲಿ ಸುಮಾರು ಒಂದು ಡಜನ್ ಆ ತೊಟ್ಟಿಗೆ ಸಿಕ್ಕಿದುವು. ಕೊಶಿಬಾ ಅವರಿಗೆ 2002ರಲ್ಲಿ ಪಾರಿತೋಷಕ ಬಂದಿತು. 1996ರಲ್ಲಿ 50,000 ಟನ್ನಿನ ಮತ್ತೊಂದು ತೊಟ್ಟಿಯು ಸಿದ್ಧವಾಯಿತು. ಕೋಲಾರದಲ್ಲಿ ಗುರುತು ತೋರಿದ ಆ ವಾಯುಮಂಡಲದ ನ್ಯೂಟ್ರಿನೋಗಳೇ ದಾರಿಯಲ್ಲಿ ರೂಪವನ್ನು ಬದಲಾಯಿಸುತ್ತವೆಂದು 1998ರಲ್ಲಿ ಅಲ್ಲಿ ತಿಳಿದುಬಂದಿತು. ಅವಕ್ಕೆ ತೂಕವಿದೆಯೆಂಬುದು ಇದರಿಂದ ಸಿದ್ಧವಾಯಿತು. ಕಜಿತಾ ಅವರು ಕೆನಡದ ಮೆಕ್‌ಡೊನಾಲ್ಡ್ ಅವರೊಡನೆ 2015ರ ಪಾರಿತೋಷಕವನ್ನು ಹಂಚಿಕೊಂಡರು.

ಕೋಲಾರದಲ್ಲಿಯಾದರೋ ಅದಿರು ಬಡವಾಗಿ, ವೆಚ್ಚವು ಹುಟ್ಟುವಳಿಯನ್ನು ಮೀರಿತು. 1992ರಲ್ಲಿ ಪ್ರಯೋಗವು ನಿಂತಿತು; 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಪಂಪುಗಳು ನಿಂತುವು, ಸುರಂಗಗಳಲ್ಲಿ ನೀರು ತುಂಬಿತು. ಗಣಿ ಮುಚ್ಚುವುದು ಲೋಕದಲ್ಲಿ ಹೊಸದಲ್ಲ. ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ ಡೇವಿಸ್ ಎಂಬುವರು ಸೂರ್ಯನ ನ್ಯೂಟ್ರಿನೋಗಳನ್ನು ಎಣಿಸಿ, ಕೊಶಿಬಾ ಅವರೊಡನೆಯೇ ಪಾರಿತೋಷಕವನ್ನು ಪಡೆದಿದ್ದರು. ಆ ಗಣಿಯೂ ಮುಚ್ಚಿ, ಅಲ್ಲಿಯೂ ನೀರು ಏರಿತು. ಆದರೆ ಅವರು ನೀರನ್ನು ಹೊರಕ್ಕೆ ತೆಗೆದು, ಅದೇ ಸುರಂಗವನ್ನು ವಿಜ್ಞಾನಶಾಲೆಯನ್ನಾಗಿ ಮಾಡಿಕೊಂಡರು. ಭೇದವಿರುವುದು ಇಲ್ಲಿಯೇ.

ಅನಂತರ ನಮ್ಮ ವಿಜ್ಞಾನಿಗಳು ತಮಿಳುನಾಡಿನ ತೇಣಿ ಜಿಲ್ಲೆಯ ಬೆಟ್ಟವೊಂದರಡಿಯಲ್ಲಿ 50,000 ಟನ್ ಕಬ್ಬಿಣದ ಉಪಕರಣವನ್ನು ಕಟ್ಟಲು ಯೋಜಿಸಿದರು. ಮೂರು ಬಗೆಯ ನ್ಯೂಟ್ರಿನೋ ತೂಕಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಮೆ ಎಂದು ಕ್ರಮವನ್ನು ತಿಳಿಯುವುದು ಅದರ ಉದ್ದೇಶ. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆಯೂ ದೊರೆಯಿತು. ಆದರೆ ಅರಣ್ಯದ ವಿಷಯದಲ್ಲಿಯೂ ಗ್ರಾಮಸ್ಥರ ಆತಂಕದ ವಿಷಯದಲ್ಲಿಯೂ ವಿವಾದವೆದ್ದು ಕೆಲಸವು ತಡೆಹಿಡಿಯಲ್ಪಟ್ಟಿತು. ಇದೇ ಪ್ರಶ್ನೆಗೆ ಉತ್ತರವನ್ನು ಹುಡುಕಲು ಚೀನ ದೇಶದವರು ಕಟ್ಟಿದ 20,000 ಟನ್ ದ್ರವದ ಉಪಕರಣವು 2025ರ ಆಗಸ್ಟಿನಲ್ಲಿ ಕೆಲಸವನ್ನಾರಂಭಿಸಿತು. ಗ್ರಾಮಸ್ಥರ ಆತಂಕವನ್ನು ಅಜ್ಞಾನವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಅವರೊಡನೆ ಅವರ ಭಾಷೆಯಲ್ಲಿ, ಮೊದಲಿನಿಂದಲೇ ಮಾತನಾಡತಕ್ಕದ್ದು ವಿಜ್ಞಾನಸಂಸ್ಥೆಯ ಕರ್ತವ್ಯ. ಕೋಲಾರದಲ್ಲಿ ಈ ತೊಡಕೇ ಇರಲಿಲ್ಲ; ಗಣಿಯನ್ನು ಜನರೇ ಕೊರೆದಿದ್ದರು, ಅದು ಅವರ ಊರಿನದೇ ಆಗಿದ್ದಿತು.

ಕೋಲಾರಕ್ಕೆ ಪಾರಿತೋಷಕ ತಪ್ಪಿತೆಂದು ದುಃಖಿಸುವವರುಂಟು. ನಮ್ಮ ಮತದಲ್ಲಿ ಅದು ದೊಡ್ಡ ನಷ್ಟವಲ್ಲ. ಅಳತೆಯು ಅಚ್ಚಾಗಿದೆ, ಗ್ರಂಥಗಳಲ್ಲಿದೆ, ಯಾರೂ ಅಳಿಸಲಾರರು. ನಷ್ಟವಾದುದು ಮೌನವಾದ ಆ ಸ್ಥಳ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನವನ್ನು ಕೊಟ್ಟ ಗಣಿಗೆ, ಅದರಲ್ಲಿ ಅತ್ಯಲ್ಪ ಭಾಗದ ಬೆಲೆಯನ್ನು ಹಿಂದಕ್ಕೆ ಕೊಟ್ಟಿದ್ದರೆ, ಒಂದು ಸುರಂಗವಾದರೂ ಉಳಿಯುತ್ತಿದ್ದಿತು. 2017ರಲ್ಲಿ ಝಾರ್ಖಂಡಿನ ಜಾದುಗುಡ ಗಣಿಯಲ್ಲಿ 550 ಮೀಟರು ಆಳದ ಚಿಕ್ಕ ವಿಜ್ಞಾನಶಾಲೆಯೊಂದು ತೆರೆಯಿತು. ಇದು ಸಂತೋಷದ ವಿಷಯ. ಮುಂದಿನ ಅಕ್ಟೋಬರಿನಲ್ಲಿ ಪಾರಿತೋಷಕದ ವಾರ್ತೆಯು ಬಂದಾಗ, ಪಡೆದವರು ಯಾರೆಂದು ಕೇಳುವುದರ ಜೊತೆಗೆ, ಅವರು ಕೆಲಸ ಮಾಡಿದ ಮನೆಯು ಎಷ್ಟು ವರ್ಷದಿಂದ ನಿಂತಿದೆಯೆಂದೂ ವಾಚಕರು ಕೇಳಲಿ.