ಜಾವಾದೊಳಗೆ ಸಿ: ನೇಟಿವ್ ಮೆಥಡ್‌ಗಳ ಚರಿತ್ರೆ

ಜಾವಾದಲ್ಲಿ ‘ನೇಟಿವ್’ ಎಂದು ಘೋಷಿಸಿದ ಮೆಥಡ್‌ಗೆ ಹೆಸರಿರುತ್ತದೆ, ಒಡಲಿರುವುದಿಲ್ಲ. ಕೆಲಸ ಮಾಡುವ ಕೋಡು ಸಿ ಅಥವಾ ಸಿ++ನಲ್ಲಿರುತ್ತದೆ. ಒಮ್ಮೆ ಬರೆದದ್ದು ಎಲ್ಲ ಕಂಪ್ಯೂಟರುಗಳಲ್ಲೂ ಓಡುತ್ತದೆಂದು ಸನ್ ಮೈಕ್ರೋಸಿಸ್ಟಮ್ಸ್ ಸಾರಿದ ಭಾಷೆಗೂ ಈ ಏರ್ಪಾಡಿಲ್ಲದೆ ಗತಿಯಿರಲಿಲ್ಲ. ಫೈಲು ತೆರೆಯಲೂ ಪರದೆಯ ಮೇಲೆ ವಿಂಡೋ ಮೂಡಿಸಲೂ ಕೊನೆಗೆ ಆಪರೇಟಿಂಗ್ ಸಿಸ್ಟಮ್ಮನ್ನೇ ಕೇಳಬೇಕು.

1996ರ ಜೆಡಿಕೆ 1.0ರಲ್ಲಿ, ಅಂದರೆ ಜಾವಾದ ಮೊದಲ ಆವೃತ್ತಿಯಲ್ಲಿ, ಇದ್ದ ವ್ಯವಸ್ಥೆ ಸರಳವಾಗಿತ್ತು, ಅಷ್ಟೇ ಅಪಾಯದ್ದೂ ಆಗಿತ್ತು. ಜಾವಾ ಆಬ್ಜೆಕ್ಟಿನ ಫೀಲ್ಡುಗಳನ್ನು ಸಿ ಕೋಡು ತನ್ನದೇ ಸ್ಟ್ರಕ್ಚರಿನ ಭಾಗಗಳಂತೆ ನೇರವಾಗಿ ಮುಟ್ಟುತ್ತಿತ್ತು. ಆಬ್ಜೆಕ್ಟು ಮೆಮೊರಿಯಲ್ಲಿ ಯಾವ ಕ್ರಮದಲ್ಲಿ ಕೂರಬೇಕೆಂದು ಜಾವಾದ ನಿಯಮಗಳು ಎಲ್ಲೂ ಹೇಳಿರಲಿಲ್ಲ. ಜಾವಾ ಪ್ರೋಗ್ರಾಮುಗಳನ್ನು ಓಡಿಸುವ ವರ್ಚುವಲ್ ಮಷೀನ್ ಆ ಕ್ರಮ ಬದಲಿಸಿದರೆ ಲೈಬ್ರರಿಯನ್ನು ಮತ್ತೆ ಕಂಪೈಲ್ ಮಾಡಬೇಕು. ಬಳಕೆ ಮುಗಿದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರಿನ ಕೈಯೂ ಕಟ್ಟಿತ್ತು: ಸಿ ಕೋಡು ಹಿಡಿದಿರುವ ಆಬ್ಜೆಕ್ಟನ್ನು ಬೇರೆಡೆಗೆ ಸರಿಸುವಂತಿರಲಿಲ್ಲ. ಅತೃಪ್ತರಾದ ಕಂಪನಿಗಳು ತಂತಮ್ಮ ದಾರಿ ಹಿಡಿದವು. ನೆಟ್‌ಸ್ಕೇಪ್ ಜೆಆರ್‌ಐ ಎಂಬ ಇಂಟರ್‌ಫೇಸ್ ರೂಪಿಸಿತು, ಮೈಕ್ರೋಸಾಫ್ಟ್ ಆರ್‌ಎನ್‌ಐ ತಂದಿತು. ಒಂದೇ ಕೆಲಸಕ್ಕೆ ವರ್ಚುವಲ್ ಮಷೀನಿಗೊಂದರಂತೆ ಬೇರೆ ಬೇರೆ ಸಿ ಕೋಡು ಬರೆಯುವ ಪಾಡು ಪ್ರೋಗ್ರಾಮರುಗಳದಾಯಿತು.

1997ರ ಜೆಡಿಕೆ 1.1ರೊಂದಿಗೆ ಬಂದ ಜಾವಾ ನೇಟಿವ್ ಇಂಟರ್‌ಫೇಸ್, ಅಂದರೆ ಜೆಎನ್‌ಐ, ನೆಟ್‌ಸ್ಕೇಪಿನ ವಿನ್ಯಾಸದಿಂದಲೇ ಬೆಳೆದದ್ದು. ಇದರಲ್ಲಿ ಸಿ ಕೋಡಿಗೆ ಆಬ್ಜೆಕ್ಟಿನ ಒಳಭಾಗ ಕಾಣುವುದಿಲ್ಲ. ಅದರ ಕೈಗೆ ಸಿಗುವುದು ಒಂದು ಗುರುತು ಮಾತ್ರ, ಬ್ಯಾಂಕಿನ ಟೋಕನ್ನಿನ ಹಾಗೆ. ಫೀಲ್ಡು ಓದುವುದಕ್ಕೂ ಮೆಥಡ್ ಕರೆಯುವುದಕ್ಕೂ ಮಷೀನು ಒದಗಿಸಿದ ಫಂಕ್ಷನ್ ಪಟ್ಟಿಯ ಮೂಲಕವೇ ಹೋಗಬೇಕು. ಹೀಗಾಗಿ ಆಬ್ಜೆಕ್ಟು ಎಲ್ಲಿಗೆ ಸರಿದರೂ ಗುರುತು ಕೆಡದು. ಒಮ್ಮೆ ಕಂಪೈಲಾದ ಲೈಬ್ರರಿ ಅದೇ ಪ್ಲಾಟ್‌ಫಾರ್ಮಿನ ಬೇರೆ ವರ್ಚುವಲ್ ಮಷೀನುಗಳಲ್ಲೂ ನಡೆಯುತ್ತದೆ. ಇದಕ್ಕೆ ತೆತ್ತ ಬೆಲೆ ವೇಗ. ಪ್ಯಾಕೇಜು, ಕ್ಲಾಸು, ಮೆಥಡ್‌ಗಳನ್ನು ಅಂಡರ್‌ಸ್ಕೋರಿನಿಂದ ಪೋಣಿಸಿದ ಉದ್ದುದ್ದ ಫಂಕ್ಷನ್ ಹೆಸರುಗಳೂ ಇದರಲ್ಲಿದ್ದವು. ಅವನ್ನು ಇಷ್ಟಪಟ್ಟವರು ಕಡಿಮೆ.

ಮೈಕ್ರೋಸಾಫ್ಟ್ ಮಾತ್ರ ಜೆಎನ್‌ಐ ಅಳವಡಿಸಲಿಲ್ಲ. 1997ರ ಅಕ್ಟೋಬರಿನಲ್ಲಿ ಸನ್ ಅದರ ವಿರುದ್ಧ ಹೂಡಿದ ದಾವೆಯಲ್ಲಿ ಇದೂ ಒಂದು ದೂರಾಗಿತ್ತು. ಮರುವರ್ಷ ನವೆಂಬರಿನಲ್ಲಿ ನ್ಯಾಯಾಲಯ ಸನ್ ಪರವಾಗಿ ತಾತ್ಕಾಲಿಕ ಆದೇಶ ನೀಡಿತು. 2001ರಲ್ಲಿ ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಪ್ರೋಗ್ರಾಮಿಂಗಿನ ಇಷ್ಟು ಒಳಗಿನ ವಿವರ ಕೋರ್ಟಿನ ಮೆಟ್ಟಿಲೇರುವುದು ಅಪರೂಪ.

ಮುಂದೆ ಆಂಡ್ರಾಯ್ಡ್ ಕೂಡ ಸಿ++ ಕೋಡಿಗೆ ಜೆಎನ್‌ಐಯನ್ನೇ ಬಳಸಿತು. 2024ರ ಜಾವಾ 22ರಲ್ಲಿ ಪನಾಮ ಎಂಬ ಜಾವಾ ಯೋಜನೆಯ ಹೊಸ ಇಂಟರ್‌ಫೇಸ್ ಅಂತಿಮ ರೂಪ ಪಡೆಯಿತು. ಸಿ ಲೈಬ್ರರಿಯನ್ನು ಕರೆಯಲು ನಡುವೆ ಸಿ ಕೋಡು ಬರೆಯುವ ಅಗತ್ಯ ಇದರಲ್ಲಿಲ್ಲ. ಜೆಎನ್‌ಐ ಇನ್ನೂ ಉಳಿದಿದೆ. ಆದರೆ ಮೊದಲೇ ಅನುಮತಿ ಕೊಟ್ಟಿರದಿದ್ದರೆ, ಜಾವಾ 24ರಿಂದ ನೇಟಿವ್ ಲೈಬ್ರರಿ ಲೋಡ್ ಮಾಡಿದಾಗ ಎಚ್ಚರಿಕೆಯ ಸಂದೇಶ ಬರುತ್ತದೆ.