ಧರ್ಮಾಧ್ಯಕ್ಷರ ಕಣ್ಣು

ನಮ್ಮ ಧರ್ಮಕೇಂದ್ರಕ್ಕೆ ಧರ್ಮಾಧ್ಯಕ್ಷರು ಭೇಟಿ ಕೊಡುತ್ತಾರೆ ಎಂದರೆ ವಾರದ ಮೊದಲೇ ಸಡಗರ. ದೇವಾಲಯಕ್ಕೆ ಸುಣ್ಣ ಬಳಿಯುತ್ತೇವೆ, ಜ್ಞಾನಸ್ನಾನದ ದಾಖಲೆ ಪುಸ್ತಕಗಳ ಧೂಳು ಕೊಡವಿ ಮೇಜಿನ ಮೇಲಿಡುತ್ತೇವೆ. ಸಂತೋಷದ ಜೊತೆಗೆ ಒಳಗೊಳಗೇ ಸ್ವಲ್ಪ ಅಳುಕೂ ಇರುತ್ತದೆ. ಈ ಅಳುಕು ಇಂದು ನಿನ್ನೆಯದಲ್ಲ.

ಮಧ್ಯಯುಗದಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಧರ್ಮಪ್ರಾಂತ್ಯದ ಹಳ್ಳಿಗಳಿಗೆ ಹೀಗೆ ಪರಿಶೀಲನೆಗೆ ಹೋಗುವ ಹೊಣೆ ಆರ್ಚ್‌ಡೀಕನ್ ಎಂಬ ಅಧಿಕಾರಿಯದು. ದೇವಾಲಯದ ಮಾಡು ಸೋರುತ್ತಿದೆಯೇ, ಪೂಜಾವಸ್ತ್ರ ಪಾತ್ರೆಗಳು ಸರಿಯಾಗಿವೆಯೇ, ಗುರುಗಳ ನಡತೆ ಹೇಗಿದೆ ಎಂದು ಅವರು ವಿಚಾರಿಸಬೇಕಿತ್ತು. ಆದ್ದರಿಂದಲೇ ಧರ್ಮಸಭೆ ಅವರನ್ನು 'ಧರ್ಮಾಧ್ಯಕ್ಷರ ಕಣ್ಣು' ಎಂದು ಕರೆಯಿತು. ವಿಶಾಲವಾದ ಸೇಂಟ್ ಆಂಡ್ರೂಸ್ ಧರ್ಮಪ್ರಾಂತ್ಯಕ್ಕೆ ಒಂದು ಕಣ್ಣು ಸಾಲದೆ ಇಬ್ಬರು ಆರ್ಚ್‌ಡೀಕನ್ನರಿದ್ದರು.

ಆದರೆ ಕಣ್ಣಿಗೂ ಆಸೆಯುಂಟಲ್ಲವೇ? ಭೇಟಿಗೆ ಬಂದವರ ಮತ್ತು ಅವರ ಪರಿವಾರದ ಊಟೋಪಚಾರ ಆಯಾ ಊರಿನ ದೇವಾಲಯದ ಮೇಲೆ ಬೀಳುತ್ತಿತ್ತು. ಯೂರೋಪಿನ ಕೆಲವೆಡೆ ಈ ಖರ್ಚಿಗಾಗಿ ದೇವಾಲಯದ ಒಡವೆಗಳನ್ನೇ ಮಾರಬೇಕಾದ ಸ್ಥಿತಿ ಬಂತು. 1179ರಲ್ಲಿ ಸೇರಿದ ಮೂರನೇ ಲ್ಯಾಟರನ್ ಮಹಾಸಭೆ ಇದಕ್ಕೆ ಕಡಿವಾಣ ಹಾಕಿತು: ಆರ್ಚ್‌ಡೀಕನ್ 5 ಅಥವಾ 7 ಕುದುರೆಗಳಿಗಿಂತ ಹೆಚ್ಚು ತರಬಾರದು, ಭೇಟಿಗೆ ಹೊರಟವರು ಬೇಟೆನಾಯಿ, ಬೇಟೆಹಕ್ಕಿಗಳನ್ನು ಜೊತೆಗೆ ಕರೆತರಬಾರದು! ನೋಡುವವರನ್ನೂ ನೋಡುವವರು ಬೇಕು ಎಂಬುದನ್ನು ಧರ್ಮಸಭೆ ಅಂದೇ ಅರಿತಿತ್ತು.

ಅಬರ್ಡೀನಿನ ಆರ್ಚ್‌ಡೀಕನ್ನರಲ್ಲಿ ಹೆಸರುವಾಸಿಯಾದವರು ಜಾನ್ ಬಾರ್ಬರ್. 1357ರ ವೇಳೆಗೆ ಅವರು ಆ ಪದವಿಯಲ್ಲಿದ್ದರು. 1395ರಲ್ಲಿ ಮರಣ ಹೊಂದುವವರೆಗೂ ಅದರಲ್ಲೇ ಮುಂದುವರಿದರು. ಅರಮನೆಯ ಲೆಕ್ಕಪತ್ರ ತಪಾಸಣೆಗೂ ಅವರನ್ನು ನೇಮಿಸಲಾಗಿತ್ತು. ತಮ್ಮ ನಾಡಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ರಾಬರ್ಟ್ ಬ್ರೂಸ್ ದೊರೆಯ ಕಥೆಯನ್ನು ಜನರಾಡುವ ಸ್ಕಾಟ್ಸ್ ಭಾಷೆಯಲ್ಲಿ ಹಾಡಿದ ಕವಿ ಅವರೇ. 1378ರಲ್ಲಿ ಎರಡನೇ ರಾಬರ್ಟ್ ದೊರೆ ಅವರಿಗೆ ವರ್ಷಕ್ಕೆ 20 ಶಿಲಿಂಗುಗಳ ಶಾಶ್ವತ ವರ್ಷಾಶನ ಕೊಟ್ಟರು. ಬಾರ್ಬರ್ ಅದನ್ನು ಸಂತ ಮಕಾರ್ ಪ್ರಧಾನಾಲಯಕ್ಕೆ ಬಿಟ್ಟುಕೊಟ್ಟು, ತಮಗಾಗಿ ಹಾಗೂ ತಮ್ಮ ತಂದೆತಾಯಿಗಳಿಗಾಗಿ ಪ್ರತಿ ವರ್ಷ ಬಲಿಪೂಜೆ ಅರ್ಪಿಸಬೇಕೆಂದು ಏರ್ಪಾಡು ಮಾಡಿದರು. 1560ರ ಮತಸುಧಾರಣೆಯ ಕಾಲದವರೆಗೂ ಆ ಪೂಜೆ ನಡೆದು ಬಂತು.

ಸುಮಾರು ನಾಲ್ಕು ದಶಕ ಇತರರ ಲೆಕ್ಕ ಕೇಳಿದವರು ಕೊನೆಗೆ ತಮ್ಮ ಲೆಕ್ಕಕ್ಕಾಗಿ ಪರರ ಪ್ರಾರ್ಥನೆ ಬೇಡಿದರು. ಇದೇ ನಮಗೆ ಪಾಠ. ಇಂದು ಆರ್ಚ್‌ಡೀಕನ್ನರ ಆ ಕೆಲಸ ಕಥೋಲಿಕ ಧರ್ಮಸಭೆಯಲ್ಲಿ ಬೇರೆ ಗುರುಗಳ ಪಾಲಿಗೆ ಬಂದಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ 5 ವರ್ಷಕ್ಕೊಮ್ಮೆಯಾದರೂ ಇಡೀ ಧರ್ಮಪ್ರಾಂತ್ಯದ ಭೇಟಿ ಮುಗಿಯಬೇಕು. ಆದರೆ ತಂದೆತಾಯಿ, ಶಿಕ್ಷಕರು, ಸಂಘದ ಮುಖಂಡರು ಎಂದು ನಾವೆಲ್ಲರೂ ಒಂದಲ್ಲ ಒಂದು ಕಡೆ ಇನ್ನೊಬ್ಬರನ್ನು ನೋಡಿಕೊಳ್ಳುವ ಕಣ್ಣುಗಳೇ. ಪರರ ಮನೆಯ ಸೋರುವ ಮಾಡನ್ನು ತೋರಿಸುವ ಮೊದಲು ನಮ್ಮ ಮಾಡನ್ನೊಮ್ಮೆ ನೋಡಿಕೊಳ್ಳೋಣ. ನಾವು ತಿದ್ದಿದವರೇ ನಮಗಾಗಿ ಪ್ರಾರ್ಥಿಸುವಂತೆ ಬಾಳೋಣ.